ಬೀದರಿನಲ್ಲಿ ಐದು ಡಿಗ್ರಿ ಕೆಳಗಿರುವ ನಕ್ಷತ್ರ

ಜನವರಿ ಮುಗಿಯುವ ಹೊತ್ತಿಗೆ, ರಾತ್ರಿ ಹತ್ತರ ಸುಮಾರಿನಲ್ಲಿ, ಬೆಂಗಳೂರಿನ ತಾರಸಿಯೊಂದರ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಎರಡು ನಕ್ಷತ್ರಗಳು ಒಂದರ ಕೆಳಗೊಂದು ಬೆಳಗುತ್ತಿರುತ್ತವೆ. ಮೇಲಿನದು ಲುಬ್ಧಕ, ಇರುಳಿನ ಆಕಾಶದಲ್ಲಿ ಅದಕ್ಕಿಂತ ಪ್ರಕಾಶಮಾನವಾದ ನಕ್ಷತ್ರ ಇನ್ನೊಂದಿಲ್ಲ. ತೋಳನ್ನು ನೀಡಿ ಮುಷ್ಟಿ ಹಿಡಿದರೆ, ಲುಬ್ಧಕನಿಂದ ಮೂರೂವರೆ ಮುಷ್ಟಿಯಷ್ಟು ಕೆಳಗೆ, ಎದುರು ಬೀದಿಯ ನೀರಿನ ಟ್ಯಾಂಕುಗಳಿಗಿಂತ ಕೊಂಚವೇ ಮೇಲೆ ಇರುವುದು ಅಗಸ್ತ್ಯ. ಪ್ರಕಾಶದಲ್ಲಿ ಅದಕ್ಕೆ ಎರಡನೆಯ ಸ್ಥಾನ. ನಗರದ ದೀಪಗಳ ನಡುವೆ ಮಕ್ಕಳಿಗೆ ಏನು ತೋರಿಸಲು ಸಾಧ್ಯ, ದೂರದರ್ಶಕ ಕೊಳ್ಳದೆ ಆಕಾಶ ನೋಡುವುದೆಂತು ಎಂದು ಕೇಳುವ ತಂದೆತಾಯಿಯರಿಗೆ ನಾನು ಮೊದಲು ತೋರಿಸುವುದು ಈ ಎರಡನ್ನೇ. ಹಿಂಗಾರಿನ ಮೋಡಗಳು ಸರಿದು ಹೋದ ಜನವರಿಯ ಒಣ ಆಕಾಶದಲ್ಲಿ ಬೀದಿದೀಪದ ಹೊಳಪು ಎಷ್ಟೇ ಇದ್ದರೂ ಇವು ಮರೆಯಾಗುವುದಿಲ್ಲ.

ನಮ್ಮ ಮನೆಗಳಲ್ಲಿ ನಕ್ಷತ್ರಗಳ ಹೆಸರುಗಳಿಗೆ ಬರವಿಲ್ಲ. ಮಗು ಹುಟ್ಟಿದ ಕ್ಷಣದಿಂದ ರೋಹಿಣಿ, ಮೃಗಶಿರ, ಆರ್ದ್ರಾ ಎಂಬ ಮಾತು ನಡೆಯುತ್ತದೆ. ಸಂಕಲ್ಪದಲ್ಲಿ ಅವು ಬರುತ್ತವೆ, ಜಾತಕದಲ್ಲಿ ಬರುತ್ತವೆ. ಆದರೆ ಈ ಮೂರೂ ಚಳಿಗಾಲದ ಸಂಜೆ ನೆತ್ತಿಯ ಆಸುಪಾಸಿನಲ್ಲೇ ಇರುವಾಗ ‘ಅದೋ, ಆ ಕೆಂಪನೆಯದು ಆರ್ದ್ರಾ’ ಎಂದು ಬೆರಳು ತೋರಿಸುವ ಹಿರಿಯರು ಅಪರೂಪವಾಗಿದ್ದಾರೆ. ಹೆಸರು ಉಳಿದು ನಕ್ಷತ್ರವೇ ಕಳೆದುಹೋದ ಈ ಸ್ಥಿತಿ ನನ್ನನ್ನು ಚಿಂತೆಗೀಡುಮಾಡುತ್ತದೆ. ನೋಡದ ವಸ್ತುವಿನ ಬಗ್ಗೆ ಯಾರು ಏನು ಹೇಳಿದರೂ ನಂಬಬೇಕಾಗುತ್ತದೆ. ಅಳೆದು ನೋಡಿದ ಮಗುವಿಗೆ ಆ ತೊಂದರೆ ಇರುವುದಿಲ್ಲ.

ಅಗಸ್ತ್ಯನನ್ನು ಅಳೆಯಲು ಬೇಕಾದದ್ದು ಶಾಲೆಯ ಜಾಮಿಟ್ರಿ ಬಾಕ್ಸಿನ ಕೋನಮಾಪಕ, ಒಂದು ಎಳನೀರಿನ ಕೊಳವೆ, ಒಂದಿಷ್ಟು ದಾರ, ಭಾರಕ್ಕೊಂದು ಬೀಗದಕೈ. ಕೋನಮಾಪಕದ ನೇರ ಅಂಚಿಗೆ ಕೊಳವೆಯನ್ನು ಅಂಟಿಸಿ, ಅದರ ನಡುಬಿಂದುವಿನಿಂದ ದಾರವನ್ನು ಇಳಿಬಿಟ್ಟು, ಕೊಳವೆಯ ಮೂಲಕ ನಕ್ಷತ್ರವನ್ನು ನೋಡುತ್ತಿರುವಾಗ ದಾರ ಯಾವ ಅಂಕಿಯ ಮೇಲೆ ನಿಂತಿದೆಯೆಂದು ಇನ್ನೊಬ್ಬರು ಟಾರ್ಚ್ ಹಿಡಿದು ಓದಬೇಕು. ಆ ಅಂಕಿಯನ್ನು 90ರಿಂದ ಕಳೆದರೆ ದಿಗಂತದಿಂದ ನಕ್ಷತ್ರದ ಎತ್ತರ ಸಿಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಅಳೆದು, ಅತಿ ಹೆಚ್ಚಿನ ಎತ್ತರವನ್ನು ಬರೆದಿಟ್ಟುಕೊಳ್ಳಬೇಕು. ಬೆಂಗಳೂರಿನಲ್ಲಿ ಅದು 24 ಡಿಗ್ರಿಗಿಂತ ತುಸು ಹೆಚ್ಚು. ಕಳೆದ ಚಳಿಗಾಲದಲ್ಲಿ ನನ್ನ ಮಗಳು ನಾಲ್ಕು ರಾತ್ರಿ ಅಳೆದಾಗ 23, 25, 26, 24 ಬಂದವು; ಸರಾಸರಿ 24.5.

ಅದೇ ರಾತ್ರಿಗಳಲ್ಲಿ ನನ್ನ ಅಣ್ಣನ ಮಗ ಬೀದರಿನ ತನ್ನ ಮನೆಯ ಮಾಳಿಗೆಯಿಂದ ಇಂಥದೇ ಸಾಧನದಲ್ಲಿ ನೋಡಿದ್ದನು. ಅವನಿಗೆ ಸಿಕ್ಕ ಸರಾಸರಿ 19.5. ಬೀದರನ್ನು ಆರಿಸಿಕೊಳ್ಳಲು ಬಂಧುತ್ವವಲ್ಲದೆ ಇನ್ನೊಂದು ಕಾರಣವೂ ಇತ್ತು: ಬೆಂಗಳೂರಿನ ರೇಖಾಂಶ 77.6 ಡಿಗ್ರಿಯಾದರೆ ಬೀದರಿನದು 77.5. ಎಂದರೆ ಬೀದರ್ ಇರುವುದು ಬೆಂಗಳೂರಿಗೆ ಹೆಚ್ಚುಕಡಿಮೆ ನೇರ ಉತ್ತರಕ್ಕೆ, ಮತ್ತು ಅಗಸ್ತ್ಯನು ಎರಡೂ ಊರುಗಳಲ್ಲಿ ಒಂದೇ ಗಳಿಗೆಯಲ್ಲಿ ತನ್ನ ತುದಿಯೆತ್ತರವನ್ನು ಮುಟ್ಟುತ್ತಾನೆ. ಭೂಪಟದ ಮೇಲೆ ಅಳತೆಪಟ್ಟಿ ಇಟ್ಟರೆ ಇವೆರಡರ ನಡುವೆ ಸುಮಾರು 550 ಕಿಲೋಮೀಟರ್. ಎರಡು ಸರಾಸರಿಗಳ ಅಂತರ ಐದು ಡಿಗ್ರಿ; ಅದು ನಡುವಿನ ನೆಲದ ಬಾಗು ಎಂದು ಹಿಡಿದು, ಐದು ಡಿಗ್ರಿಗೆ 550 ಆದರೆ, ಇಡೀ ವೃತ್ತದ 360 ಡಿಗ್ರಿಗೆ 39,600. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಎರಡು ಬೀಗದಕೈಗಳನ್ನು ದಾರಕ್ಕೆ ಕಟ್ಟಿ ಇಬ್ಬರು ಮಕ್ಕಳು ಭೂಮಿಯನ್ನು ಅಳೆದ ಆ ಸಂಜೆಯ ಸಂತೋಷವನ್ನು ನಾನು ಮರೆಯಲಾರೆ. ಒಂದೇ ಡಿಗ್ರಿ ತಪ್ಪಿದರೂ ಉತ್ತರ 33,000 ಅಥವಾ 49,500ಕ್ಕೆ ಹೋಗಿಬಿಡುತ್ತದೆ ಎಂಬುದನ್ನೂ ಅವರು ಅಂದೇ ಲೆಕ್ಕ ಹಾಕಿ ಕಂಡುಕೊಂಡರು. ಹಲವು ರಾತ್ರಿ ಏಕೆ ಅಳೆಯಬೇಕೆಂದು ಬೇರೆ ವಿವರಿಸುವ ಅಗತ್ಯ ಬರಲಿಲ್ಲ.

ಇದೇ ನಕ್ಷತ್ರದಿಂದ ಇದೇ ಕೆಲಸವನ್ನು ಕ್ರಿ.ಪೂ. 1ನೇ ಶತಮಾನದಲ್ಲಿ ಗ್ರೀಕ್ ಚಿಂತಕ ಪೊಸಿಡೋನಿಯಸ್ ಮಾಡಿದ್ದನು. ರೋಡ್ಸ್ ದ್ವೀಪದಲ್ಲಿ ಅಗಸ್ತ್ಯನು ದಿಗಂತವನ್ನು ಸವರಿಕೊಂಡು ಹೋಗುತ್ತಾನೆ, ದಕ್ಷಿಣದ ಅಲೆಕ್ಸಾಂಡ್ರಿಯದಲ್ಲಿ ವೃತ್ತದ 48ನೇ ಒಂದು ಭಾಗದಷ್ಟು ಮೇಲೇರುತ್ತಾನೆ ಎಂದು ಹಿಡಿದು, ಎರಡು ಊರುಗಳ ನಡುವಿನ 5,000 ಸ್ಟೇಡಿಯ (ಗ್ರೀಕರ ಉದ್ದದ ಅಳತೆ) ದೂರವನ್ನು 48ರಿಂದ ಗುಣಿಸಿದನು. 48ನೇ ಒಂದು ಭಾಗವೆಂದರೆ ಏಳೂವರೆ ಡಿಗ್ರಿ. ನಿಜದಲ್ಲಿ ಆ ಎರಡು ಊರುಗಳ ಅಂತರ ಐದು ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಅಂದರೆ ಹೆಚ್ಚುಕಡಿಮೆ ಬೆಂಗಳೂರಿಗೂ ಬೀದರಿಗೂ ಇರುವಷ್ಟೇ. ನಮ್ಮಲ್ಲಿಯೂ 6ನೇ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಅಗಸ್ತ್ಯನಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಅದರ ಉದಯವನ್ನು ದೇಶದೇಶಕ್ಕೆ ಬೇರೆಬೇರೆಯಾಗಿ ಗಣಿಸಬೇಕೆಂದು ಹೇಳಿದ್ದಾನೆ. ವಿಂಧ್ಯವನ್ನು ಬಗ್ಗಿಸಿ ದಕ್ಷಿಣಕ್ಕೆ ಬಂದು ಇಲ್ಲೇ ಉಳಿದ ಮುನಿಯ ಹೆಸರನ್ನು ದಕ್ಷಿಣಕ್ಕೆ ಹೋದಷ್ಟೂ ಮೇಲೇರುವ ನಕ್ಷತ್ರಕ್ಕೆ ಇಟ್ಟವರು ಆಕಾಶವನ್ನು ಕಣ್ಣಾರೆ ನೋಡಿದವರೇ ಆಗಿರಬೇಕು.

ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ. 1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ಏಳು ಮೈಲಿಗಿಂತ ಉದ್ದದ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದನು. ಅಲ್ಲಿಂದ ಬೆಳೆದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯ ಬೆನ್ನೆಲುಬು ಕನ್ಯಾಕುಮಾರಿಯಿಂದ ಹಿಮಾಲಯದ ತಪ್ಪಲಿನವರೆಗೆ 78 ಡಿಗ್ರಿ ರೇಖಾಂಶದ ಆಸುಪಾಸಿನಲ್ಲಿ ಸಾಗಿತು. ನೆಲದ ದೂರವನ್ನು ಸರಪಳಿ ಮತ್ತು ತ್ರಿಕೋನಗಳಿಂದಲೂ, ಅಕ್ಷಾಂಶವನ್ನು ನಕ್ಷತ್ರಗಳ ಎತ್ತರದಿಂದಲೂ ಪಡೆದರು. ನಮ್ಮ ಮಕ್ಕಳದೂ ಅದೇ ವಿಧಾನ.

ಇಷ್ಟಾದ ಮೇಲೆ ಮಗಳು ಕೇಳಿದ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು: ಬೀದಿದೀಪದಿಂದ ದೂರ ಹೋದರೂ ಅದು ಕೆಳಗಿಳಿದಂತೆ ಕಾಣುತ್ತದೆಯಲ್ಲ, ಹಾಗಾದರೆ ನೆಲ ಚಪ್ಪಟೆಯಾಗಿದ್ದು ಅಗಸ್ತ್ಯನು ಹತ್ತಿರದ ದೀಪವಾಗಿರಬಾರದೇಕೆ? ಇದನ್ನು ತಳ್ಳಿಹಾಕುವಂತಿಲ್ಲ. ನಮ್ಮ ಎರಡು ಅಳತೆಗಳಿಗೂ ಹೊಂದುವ ದೀಪವೊಂದನ್ನು ಲೆಕ್ಕದಿಂದ ನಿಲ್ಲಿಸಬಹುದು: ಬೆಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 1,920 ಕಿಲೋಮೀಟರ್ ದೂರದಲ್ಲಿ, ಸುಮಾರು 870 ಕಿಲೋಮೀಟರ್ ಎತ್ತರದಲ್ಲಿ. ನಡುವಿನ ರಾಯಚೂರಿನಿಂದ ಅಳೆದರೂ ಬಿಡಿಸಿಕೊಳ್ಳಲಾಗದು, ಏಕೆಂದರೆ ಅಲ್ಲಿ ದುಂಡುಭೂಮಿಯ ಲೆಕ್ಕವೂ ಚಪ್ಪಟೆನೆಲದ ಲೆಕ್ಕವೂ 21 ಡಿಗ್ರಿಯ ಹತ್ತಿರವೇ ಬರುತ್ತವೆ. ಆದರೆ ದೀಪದ ಸ್ವಭಾವವೇ ಬೇರೆ. ಎಷ್ಟು ದೂರ ಹೋದರೂ ಅದು ನೆಲಕ್ಕೆ ಹತ್ತಿರವಾಗುತ್ತದೆಯೇ ಹೊರತು ನೆಲದ ಕೆಳಗೆ ಹೋಗುವುದಿಲ್ಲ. ಪ್ರತಿ ನೂರು ಕಿಲೋಮೀಟರಿಗೆ ಅದು ಇಳಿಯುವ ಪ್ರಮಾಣವೂ ಕಡಿಮೆಯಾಗುತ್ತಾ ಹೋಗುತ್ತದೆ. ದುಂಡುಭೂಮಿಯಲ್ಲಿ ಹಾಗಲ್ಲ. ಕುಂಬಳಕಾಯಿಯ ಮೇಲೆ ನಡೆಯುವ ಇರುವೆಗೆ ಕಾಲಡಿಯ ನೆಲವೇ ಬಾಗುತ್ತಾ ಹೋಗುವಂತೆ, ಮೇಲ್ಸೇತುವೆಯ ದಿಣ್ಣೆಯನ್ನು ದಾಟಿ ಇಳಿಯುವಾಗ ಹಿಂದಿನ ಬೀದಿ ಕನ್ನಡಿಯಿಂದ ಮಾಯವಾಗುವಂತೆ, ಉತ್ತರಕ್ಕೆ ನಡೆದವನ ಬೆನ್ನ ಹಿಂದೆ ದಕ್ಷಿಣದ ಆಕಾಶ ಪ್ರತಿ 111 ಕಿಲೋಮೀಟರಿಗೆ ಸರಿಯಾಗಿ ಒಂದು ಡಿಗ್ರಿ ಇಳಿಯುತ್ತದೆ. ಅಗಸ್ತ್ಯನು ಸುಮಾರು 310 ಜ್ಯೋತಿರ್ವರ್ಷ ದೂರದಲ್ಲಿದ್ದಾನೆ. ಇಂದು ನಾವು ನೋಡುವ ಅವನ ಬೆಳಕು ಹೊರಟಾಗ ಲಾಲ್‌ಬಾಗ್ ಇನ್ನೂ ಹುಟ್ಟಿರಲಿಲ್ಲ. ಅಷ್ಟು ದೂರದಿಂದ ಬರುವ ಕಿರಣಗಳು ಬೆಂಗಳೂರಿಗೂ ಬೀದರಿಗೂ ಸಮಾನಾಂತರವಾಗಿಯೇ ಬೀಳುತ್ತವೆ. ಹಾಗಾಗಿ ಕೋನದಲ್ಲಿ ಕಂಡ ವ್ಯತ್ಯಾಸವೆಲ್ಲ ನೆಲದ ಬಾಗೇ. 37 ಡಿಗ್ರಿ ಉತ್ತರ ಅಕ್ಷಾಂಶವನ್ನು ದಾಟಿ ಸ್ವಲ್ಪ ಮುಂದೆ ಹೋದರೆ ಅವನು ದಿಗಂತದ ಕೆಳಗೇ ಇಳಿದುಬಿಡುತ್ತಾನೆ. ಲಂಡನ್ನಿನ ಮಗುವಿಗೆ ತನ್ನ ಊರಿನಿಂದ ಅಗಸ್ತ್ಯ ಎಂದೂ ಕಾಣುವುದಿಲ್ಲ.

ತೀರ್ಪು ಕೊಡಬಲ್ಲ ಊರು ದೆಹಲಿ. ಅದೂ ಹೆಚ್ಚುಕಡಿಮೆ ನಮ್ಮ ರೇಖಾಂಶದಲ್ಲೇ ಇದೆ. ಚಪ್ಪಟೆನೆಲದ ದೀಪವಾದರೆ ಅಲ್ಲಿ 13 ಡಿಗ್ರಿಗಿಂತ ಮೇಲಿರಬೇಕು, ದುಂಡುಭೂಮಿಯಾದರೆ 9ಕ್ಕಿಂತ ಕೆಳಗೆ. ಈ ಅಂತರವನ್ನು ಬೀಗದಕೈಯ ಸಾಧನವೂ ಹಿಡಿಯಬಲ್ಲುದು. ಜನವರಿಯಲ್ಲಿ ದೆಹಲಿಯ ಮಂಜು ದಿಗಂತವನ್ನು ಮುಚ್ಚಿರುತ್ತದೆ, ಅದಕ್ಕಾಗಿ ನಾವು ಶಿವರಾತ್ರಿಯನ್ನು ಗೊತ್ತುಮಾಡಿಕೊಂಡಿದ್ದೇವೆ: ಆ ಇರುಳು ಬೆಳಗಿನ ಜಾವದವರೆಗೆ ಚಂದ್ರನಿಲ್ಲ, ಜಾಗರಣೆಯೆಂದು ಮಕ್ಕಳು ಎಚ್ಚರವಾಗಿಯೇ ಇರುತ್ತಾರೆ, ಮತ್ತು ನಕ್ಷತ್ರವು ದಿನಕ್ಕೆ ನಾಲ್ಕು ನಿಮಿಷ ಬೇಗ ಬರುವುದರಿಂದ ಅಷ್ಟರಲ್ಲಿ ಅಗಸ್ತ್ಯನ ತುದಿಯೆತ್ತರದ ವೇಳೆ ರಾತ್ರಿ ಎಂಟು–ಒಂಬತ್ತಕ್ಕೆ ಸರಿದಿರುತ್ತದೆ. ದೆಹಲಿಯಲ್ಲಿರುವ ನನ್ನ ತಂಗಿಯ ಮಕ್ಕಳಿಗೆ ಕೋನಮಾಪಕ ತಲುಪಿದೆ. ಮಗಳ ನೋಟುಪುಸ್ತಕದಲ್ಲಿ ಬೆಂಗಳೂರು, ಬೀದರ್ ಎಂಬ ಎರಡು ಸಾಲುಗಳ ಕೆಳಗೆ ದೆಹಲಿಯೆಂದು ಬರೆದು, ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದಾಳೆ.