ಲಿಂಕ್ ಉಳಿಯಿತು, ಆಟ ಹೋಯಿತು

"ಹೋದ ಮಳೆಗಾಲದ ತಾಳಮದ್ದಳೆಯ ಲಿಂಕ್ ಒತ್ತಿದರೆ ಏನೂ ಬರುತ್ತಿಲ್ಲ, ಮೊಬೈಲ್ ಕೆಟ್ಟಿದೆಯೇ?" ಶಿರಸಿಯಲ್ಲಿ ಧ್ವನಿಮುದ್ರಣ, ಫೋಟೊಗಳನ್ನು ಡಿಜಿಟಲ್ ರೂಪದಲ್ಲಿ ಕಾಪಿಡುವ ಕೆಲಸ ನನ್ನದು. ಈ ಪ್ರಶ್ನೆ ಹೊತ್ತು ಬರುವವರು ಹೆಚ್ಚುತ್ತಿದ್ದಾರೆ. ಮೊಬೈಲ್ ಸರಿಯಾಗಿಯೇ ಇರುತ್ತದೆ. ಫೇಸ್‌ಬುಕ್‌ನಲ್ಲಿ ನೇರಪ್ರಸಾರವಾದ ಯಕ್ಷಗಾನ ಪ್ರಸಂಗ ಅಳಿದುಹೋಗಿರುತ್ತದೆ.

2025ರ ಫೆಬ್ರವರಿ 19ರಿಂದ ಫೇಸ್‌ಬುಕ್ ಹೊಸ ನೇರಪ್ರಸಾರಗಳನ್ನು 30 ದಿನ ಮಾತ್ರ ಇಟ್ಟುಕೊಳ್ಳುತ್ತದೆ. ಹಳೆಯವನ್ನು ತೆಗೆಯುವ ಮೊದಲು ಪುಟದ ಒಡೆಯರಿಗೆ ಸೂಚನೆ ಕೊಟ್ಟು, ಇಳಿಸಿಕೊಳ್ಳಲು 90 ದಿನ ಬಿಟ್ಟಿತ್ತು. ಆದರೆ ನಮ್ಮ ಕಡೆ ಪುಟ ತೆರೆದ ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿರುತ್ತಾನೆ, ಆ ಸೂಚನೆಯನ್ನು ಯಾರು ಓದಬೇಕು? ಇನ್ನೊಮ್ಮೆ ಕೇಳಲು ಸಿಗದ ಭಾಗವತಿಕೆ, ಮತ್ತೆ ಜೊತೆಗೂಡದ ಅರ್ಥಧಾರಿಗಳು ಹೀಗೆ ಕೈತಪ್ಪುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಯೂಟ್ಯೂಬ್ ಈ ವಿಷಯದಲ್ಲಿ ವಾಸಿ. ಅಲ್ಲಿ ನಾವಾಗಿ ಅಳಿಸುವವರೆಗೆ ಸಾಮಾನ್ಯವಾಗಿ ವಿಡಿಯೊ ಇರುತ್ತದೆ. ಒಂದು ಎಚ್ಚರ ಬೇಕು: 12 ಗಂಟೆ ಮೀರಿದ ನೇರಪ್ರಸಾರ ತಾನಾಗಿ ಉಳಿಯುವ ಭರವಸೆಯಿಲ್ಲ. ಇಡೀ ರಾತ್ರಿಯ ಆಟ ಅದರೊಳಗೆ ಮುಗಿಯುತ್ತದೆ. ಸಂಜೆಯ ಸಭಾ ಕಾರ್ಯಕ್ರಮದಿಂದ ಹಿಡಿದು ಬೆಳಗಿನ ಮಂಗಳದವರೆಗೆ ಒಂದೇ ಪ್ರಸಾರ ಎಳೆದರೆ ತೊಂದರೆಯಾಗಬಹುದು. ಸಭೆಯನ್ನೂ ಆಟವನ್ನೂ ಬೇರೆ ಬೇರೆ ಮಾಡಿ.

ವಾಟ್ಸ್‌ಆ್ಯಪ್ ಸ್ಟೇಟಸ್, ಇನ್‌ಸ್ಟಾಗ್ರಾಂ ಸ್ಟೋರಿ 24 ಗಂಟೆಯ ಸರಕೆಂದು ಎಲ್ಲರಿಗೂ ಗೊತ್ತು. ಫೋಟೊದ ಲಿಂಕ್ ಮಾತ್ರ ಮೋಸಗೊಳಿಸುತ್ತದೆ. ಸ್ಮರಣ ಸಂಚಿಕೆಯೊಂದಕ್ಕೆ ಫೇಸ್‌ಬುಕ್ ಚಿತ್ರಗಳ ವಿಳಾಸಗಳನ್ನಷ್ಟೇ ನಕಲು ಮಾಡಿಟ್ಟವರೊಬ್ಬರು ಕಡತ ತಂದಿದ್ದರು. ಒಂದೊಂದನ್ನು ತೆರೆದಾಗಲೂ ಬಿಳಿ ಪುಟದ ಮೇಲೆ 'ಯುಆರ್‌ಎಲ್ ಸಿಗ್ನೇಚರ್ ಎಕ್ಸ್‌ಪೈರ್ಡ್' ಎಂಬ ಒಂದೇ ಸಾಲು. ಚಿತ್ರಗಳು ಮೂಲ ಪೋಸ್ಟ್‌ಗಳಲ್ಲಿ ಹಾಗೆಯೇ ಇದ್ದವು. ಆ ಉದ್ದನೆಯ ವಿಳಾಸದೊಳಗೆ ಅದರ ಅವಧಿಯೂ ಬರೆದಿರುತ್ತದೆ, ಅದು ದಾಟಿದರೆ ಸರ್ವರ್ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಪೋಸ್ಟ್‌ನ ಲಿಂಕ್ ಬರೆದಿಡಿ, ಚಿತ್ರವನ್ನು ಇಳಿಸಿಕೊಳ್ಳಿ.

ಗೂಗಲ್ ಡ್ರೈವ್ ಲಿಂಕ್‌ಗೆ ಇಂತಹ ಗಡುವಿಲ್ಲ, ಅದು ಖಾತೆಯ ಜೊತೆ ಬದುಕುತ್ತದೆ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು. ಸಂಘದ ದಾಖಲೆಯನ್ನು ಕಾರ್ಯದರ್ಶಿಯ ಸ್ವಂತ ಖಾತೆಯಲ್ಲಿ ಇಡಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಸಂಘದ ಹೆಸರಿನ ಖಾತೆ ಇರಲಿ, ಅದರ ಪಾಸ್‌ವರ್ಡ್ ಇಬ್ಬರ ಬಳಿ ಇರಲಿ.

ಫೇಸ್‌ಬುಕ್ ಪ್ರಸಾರದ 30 ದಿನ ಈಗಾಗಲೇ ಕಳೆದಿದ್ದರೆ ಲಿಂಕ್ ಮತ್ತೆ ಮತ್ತೆ ಒತ್ತಿ ಫಲವಿಲ್ಲ. ಅಂದು ಕ್ಯಾಮೆರಾ ಹಿಡಿದವರಿಗೆ ಇವತ್ತೇ ಫೋನ್ ಮಾಡಿ. ಪ್ರಸಾರದ ಜೊತೆಗೆ ಮೆಮೊರಿ ಕಾರ್ಡ್‌ನಲ್ಲೂ ಮುದ್ರಿಸಿಕೊಂಡಿದ್ದರೆ, ಮುಂದಿನ ಮದುವೆಗೆಂದು ಅದನ್ನು ಖಾಲಿ ಮಾಡುವ ಮೊದಲು ಪ್ರತಿ ತೆಗೆಸಿಕೊಳ್ಳಿ.