ಹೆಡ್‌ಲೈಟ್ ಹಾಕಿದರೆ ಪೆಟ್ರೋಲ್ ಮುಳ್ಳು ಯಾಕೆ ಅಲುಗುತ್ತದೆ?

ಮುಂಬಯಿ ಮುಲುಂಡ್‌ನ ಓದುಗರೊಬ್ಬರ ಪ್ರಶ್ನೆ: "ಅಪ್ಪ ಕೊಂಡ 1996ರ ಮಾರುತಿ 800 ಇನ್ನೂ ಇಟ್ಟುಕೊಂಡಿದ್ದೇನೆ. ಹೆಡ್‌ಲೈಟ್ ಹಾಕಿದ ಕೂಡಲೇ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಸರಿಯುತ್ತವೆ. ಮೀಟರಿನ ಬಲ್ಬೂ ಮಂಕು. 'ಪೂರಾ ವೈರಿಂಗ್ ಬದಲ್‌ನಾ ಪಡೇಗಾ' ಅಂತಾರೆ ಮೆಕ್ಯಾನಿಕ್. ಇಡೀ ವೈರಿಂಗ್ ಬದಲಿಸಲೇಬೇಕಾ ಸರ್?"

ಈಗಲೇ ಬೇಡ. ಮೊದಲು ಅರ್ಥ್ ವೈರ್ ನೋಡಿ.

ಎರಡು ಮುಳ್ಳು ಒಟ್ಟಿಗೆ ಕೆಟ್ಟರೆ ದೋಷ ಎರಡಕ್ಕೂ ಸೇರಿದ ಜಾಗದಲ್ಲಿರುತ್ತದೆ, ಅಲ್ವಾ? ಈ ಮುಳ್ಳುಗಳೆಲ್ಲ ಇರುವ ಡ್ಯಾಶ್‌ಬೋರ್ಡ್ ಮೀಟರಿಗೆ ಬಂದ ಕರೆಂಟು ಅರ್ಥ್ ವೈರಿನಿಂದ ಗಾಡಿಯ ಲೋಹದ ಮೈಗೆ, ಅಲ್ಲಿಂದ ಬ್ಯಾಟರಿಗೆ ಮರಳಬೇಕು. ಆ ದಾರಿ ಕೆಟ್ಟರೆ ಹೆಡ್‌ಲೈಟಿನ ಜೊತೆ ಹತ್ತುವ ಮೀಟರ್ ಬಲ್ಬಿನ ಕರೆಂಟು ಮುಳ್ಳುಗಳ ಸರ್ಕ್ಯೂಟಿನೊಳಗೆ ನುಗ್ಗುತ್ತದೆ. ಸ್ಪೀಡಿನ ಮುಳ್ಳಿಗೆ ಏನೂ ಆಗುವುದಿಲ್ಲ, ಅದನ್ನು ತಿರುಗಿಸುವುದು ಕೇಬಲ್.

ಮುಂಬಯಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಹಳೇ ಗಾಡಿಗೆ ಶತ್ರುಗಳೇ. ನನ್ನ ಗಾಡಿಯಲ್ಲಿ ಮುಂದಿನ ಗಾಜಿನ ರಬ್ಬರ್ ಸಂದಿಯಿಂದ ನೀರು ಇಳಿದು, ಅರ್ಥ್ ಬೋಲ್ಟಿಗೆ ಹಸಿರು ಕಿಲುಬು ಕಟ್ಟಿತ್ತು. ವೈರು ಮಾತ್ರ ಗಟ್ಟಿಯಾಗೇ ಇತ್ತು.

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿನಲ್ಲಿ ವೋಲ್ಟ್ ಅಳೆಯುವ ಒಂದು ಸಾದಾ ಮಲ್ಟಿಮೀಟರ್ ತನ್ನಿ. ಹೆಡ್‌ಲೈಟ್ ಹಾಕಿ, ಡಿಸಿ ವೋಲ್ಟಿನಲ್ಲಿ ಅದರ ಒಂದು ಕಡ್ಡಿಯನ್ನು ಡ್ಯಾಶ್‌ಬೋರ್ಡ್ ಮೀಟರಿನ ಅರ್ಥ್ ವೈರಿಗೆ, ಇನ್ನೊಂದನ್ನು ಉದ್ದ ವೈರ್ ಸೇರಿಸಿ ಬ್ಯಾಟರಿಯ ಮೈನಸ್ಸಿಗೆ ಹಿಡಿಯಿರಿ. ಸೊನ್ನೆಯ ಹತ್ತಿರ ಬಂದರೆ ಅರ್ಥ್ ಚೆನ್ನಾಗಿದೆ. 0.2 ವೋಲ್ಟ್ ದಾಟಿದರೆ ಕಳ್ಳ ಸಿಕ್ಕ.

ಆಗ ಬ್ಯಾಟರಿಯ ಮೈನಸ್ ತೆಗೆಯಿರಿ. ಬೋಲ್ಟಿನ ಜಾಗದ ಬಣ್ಣ, ತುಕ್ಕು ಕೆರೆದು ಲೋಹ ಹೊಳೆಯುವಂತೆ ಮಾಡಿ, ವೈರಿನ ತುದಿಗೆ ಹೊಸ ರಿಂಗ್ ಹಾಕಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ವೈರ್ ಒಳಗೇ ತುಂಡಾಗಿದ್ದರೆ ಮೀಟರಿನಿಂದ ಗಾಡಿಯ ಮೈಗೆ ಹೊಸದೊಂದು ಎಳೆದರೆ ಸಾಕು.

ಮೀಟರ್ ಬಿಚ್ಚಲೇಬೇಕಾದರೆ ಸ್ಕ್ರೂ ತೆಗೆದು ಸುಮ್ನೆ ಎಳೆಯಬೇಡಿ, ಹಿಂದೆ ಸ್ಪೀಡೋಮೀಟರ್ ಕೇಬಲ್ ಇರುತ್ತದೆ. ಸಾಕೆಟ್ ಕೀಳುವ ಮೊದಲು ವೈರಿನ ಬಣ್ಣಗಳ ಫೋಟೋ ತೆಗೆಯಿರಿ. ಬೆನ್ನಿಗಿರುವ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ತಾಮ್ರದ ಗೆರೆಗಳಿವೆ. ಒಂದು ಗೆರೆ ಸುಟ್ಟಿದ್ದರೆ ಅದರ ಎರಡು ತುದಿಗೆ ವೈರ್ ಬೆಸುಗೆ ಹಾಕಿಸಿ, ಹಾಳೆ ಸೀದುಹೋಗದಂತೆ ನೋಡಿಕೊಳ್ಳಿ.

ಇಡೀ ವೈರಿಂಗ್ ಬದಲಿಸಬೇಕಾದ್ದು ವೈರಿನ ಮೇಲ್ಪದರ ಉದ್ದಕ್ಕೂ ಬಿರಿದಿದ್ದರೆ ಅಥವಾ ಅಲ್ಲಲ್ಲಿ ಟೇಪ್ ಸುತ್ತಿದ ಜೋಡಣೆಗಳೇ ಜಾಸ್ತಿ ಇದ್ದರೆ ಮಾತ್ರ. ಫ್ಯೂಸ್ ಪದೇಪದೇ ಹೋಗುತ್ತದೆಂದು ದಯವಿಟ್ಟು ದೊಡ್ಡದು ಹಾಕಬೇಡಿ. ಆಮೇಲೆ ಫ್ಯೂಸಿನ ಬದಲು ವೈರೇ ಸುಡುತ್ತದೆ.