ತಾಮ್ರ ‘ಸಾಕು’ ಅಂದಾಗ

ಒಂದು ಸುತ್ತಿಗೆ, ನಡುವೆ ಕುಳಿ ತೋಡಿದ ಮರದ ದಿಮ್ಮಿ, ಗ್ಯಾಸ್ ಟಾರ್ಚ್, ಇಕ್ಕಳ, ಒಂದು ಬಕೆಟ್ ನೀರು. ಒಂದು ಮಿಲಿಮೀಟರ್ ದಪ್ಪದ ತಾಮ್ರದ ತಗಡನ್ನು ಬಟ್ಟಲು ಮಾಡಲು ಇಷ್ಟಿದ್ದರೆ ಆಯ್ತು. ಸುತ್ತಿಗೆಯ ಮುಖ ಮಾತ್ರ ಸ್ವಲ್ಪ ಉಬ್ಬಿರಬೇಕು, ನುಣ್ಣಗಿರಬೇಕು. ಅದರ ಮೇಲಿನ ಪ್ರತಿ ಗೀರೂ ತಾಮ್ರಕ್ಕೆ ಅಚ್ಚೊತ್ತುತ್ತದೆ.

ದುಂಡಗೆ ಕತ್ತರಿಸಿದ ತಗಡನ್ನು ಕುಳಿಯ ಮೇಲಿಟ್ಟು, ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿನತ್ತ ಬಡಿಯುತ್ತಾ ಬನ್ನಿ. ಮೊದಮೊದಲು ಏಟು ಬಿದ್ದಲ್ಲಿ ತಗಡು ಸುಲಭವಾಗಿ ತಗ್ಗುತ್ತದೆ, ಸದ್ದೂ ಮಂದ. ಎರಡು ಮೂರು ಸುತ್ತು ಮುಗಿಯುವಷ್ಟರಲ್ಲಿ ಸದ್ದು ‘ಠಣ್’ ಎನ್ನತೊಡಗುತ್ತದೆ, ಸುತ್ತಿಗೆ ಕೈಗೇ ವಾಪಸ್ ಪುಟಿಯುತ್ತದೆ. ನನ್ನ ಮೊದಲ ಬಟ್ಟಲು ಹಾಳಾಗಿದ್ದು ಇಲ್ಲೇ. ಬಗ್ಗುತ್ತಿಲ್ಲವಲ್ಲ ಅಂತ ಇನ್ನೂ ಜೋರಾಗಿ ಬಡಿದೆ. ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಇನ್ನು ನಾಲ್ಕು ಏಟಿಗೆ ಅದು ಬೆರಳಗಲ ಸೀಳಿತು.

ಮೆತ್ತಗಿದ್ದ ತಾಮ್ರ ಇಷ್ಟು ಬೇಗ ಬಿರುಸಾಗುವುದು ಯಾಕೆ? ಲೋಹದೊಳಗೆ ಪರಮಾಣುಗಳು ಸಾಲುಸಾಲಾಗಿ ಕೂತಿರುತ್ತವೆ. ಏಟು ಬಿದ್ದಾಗ ಒಂದು ಇಡೀ ಪದರ ಒಮ್ಮೆಲೇ ಜಾರುವುದಿಲ್ಲ. ಜಿಪ್ ಎಳೆದಾಗ ಹಲ್ಲುಗಳು ಒಂದೊಂದಾಗಿ ಬಿಡುತ್ತವೆ ಅಲ್ವಾ, ಹಾಗೆ ಜೋಡಣೆ ತಪ್ಪಿದ ಒಂದು ಗೆರೆ ಪದರದುದ್ದಕ್ಕೂ ಸರಿಯುತ್ತಾ ಹೋಗುತ್ತದೆ. ಇದೇ ಡಿಸ್‌ಲೊಕೇಶನ್. 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಎಂಬ ಮೂವರು ತಮ್ಮ ತಮ್ಮ ಪಾಡಿಗೆ ಯೋಚಿಸಿ ಇದೇ ವಿವರಣೆಗೆ ಬಂದರು. ಆಗ ಅದನ್ನು ಕಂಡವರು ಯಾರೂ ಇರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಗೆರೆಗಳು ಸರಿದಾಡುವುದು ಕಂಡಿದ್ದು 1956ರಲ್ಲಿ. ನೋಡದೆಯೇ ಅಷ್ಟು ಸರಿಯಾಗಿ ಹೇಳಿದರಲ್ಲ ಎಂದು ನನಗೆ ಇಂದಿಗೂ ಬೆರಗು.

ಬಡಿದಷ್ಟೂ ಹೊಸ ಗೆರೆಗಳು ಹುಟ್ಟುತ್ತವೆ, ಒಂದಕ್ಕೊಂದು ಅಡ್ಡ ಬಂದು ದಾರದ ಹಾಗೆ ಸಿಕ್ಕಾಗುತ್ತವೆ. ಚೆನ್ನಾಗಿ ಬಡಿದ ಲೋಹದ ಒಂದೇ ಚದರ ಸೆಂಟಿಮೀಟರನ್ನು 10,000 ಕೋಟಿಗೂ ಜಾಸ್ತಿ ಗೆರೆಗಳು ಹಾದುಹೋಗಿರುತ್ತವೆ. ಸರಿಯಲು ಜಾಗವಿಲ್ಲದಿದ್ದರೆ ಲೋಹ ಬಗ್ಗುವುದು ಹೇಗೆ?

ಸಿಕ್ಕು ಬಿಡಿಸುವುದು ಬೆಂಕಿ. ಕೋಣೆಯ ಬೆಳಕು ಮಂಕಾಗಿಸಿ, ತಗಡು ಮಸುಕು ಕೆಂಪಾಗುವವರೆಗೆ ಕಾಯಿಸಿ. ಬಿಸಿಲಲ್ಲಿ ಆ ಕೆಂಪು ಕಾಣುವುದಿಲ್ಲ, ಗೊತ್ತಾಗದೆ ಜಾಸ್ತಿ ಕಾಯಿಸಿಬಿಡುತ್ತೇವೆ. ಆ ಬಿಸಿಗೆ ಹಳೆಯ ಸಿಕ್ಕನ್ನು ಅಳಿಸುತ್ತಾ ಹೊಸ ಹರಳುಗಳು ಬೆಳೆಯುತ್ತವೆ. ಆಮೇಲೆ ಸೀದಾ ನೀರಿಗೆ ಅದ್ದಬಹುದು. ಉಕ್ಕನ್ನು ಹೀಗೆ ಅದ್ದಿದರೆ ಗಡಸಾಗುತ್ತದೆ, ತಾಮ್ರ ಮೆತ್ತಗೇ ಉಳಿಯುತ್ತದೆ. ಈಗ ಬರಿಗೈಯಲ್ಲೇ ಬಗ್ಗಿಸಿ ನೋಡಿ, ಅದೇ ತಗಡು ಅಂತ ನಂಬಿಕೆ ಬರುವುದಿಲ್ಲ. (ಸತು ಲೇಪಿಸಿದ ತಗಡನ್ನು ಮಾತ್ರ ಹೀಗೆ ಕಾಯಿಸಲೇಬೇಡಿ. ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ.)

ಬಡಿಯುವುದು, ಕಾಯಿಸುವುದು, ಮತ್ತೆ ಬಡಿಯುವುದು. ಆಳವಾದ ಬಟ್ಟಲಿಗೆ ಇದು ಹಲವು ಸಲ ಆಗಬೇಕು. ಆಕಾರ ಬಂದ ಮೇಲೆ ಕೊನೆಯ ಸುತ್ತಿನಲ್ಲಿ ಹಗುರವಾಗಿ, ಒತ್ತೊತ್ತಾಗಿ ತಟ್ಟಿ ಮೈ ಸಮ ಮಾಡುತ್ತೇನೆ. ಇದಾದ ಮೇಲೆ ಮತ್ತೆ ಕಾಯಿಸುವುದಿಲ್ಲ. ಬಟ್ಟಲು ಕೈಯಲ್ಲಿ ಅದುಮಿದರೂ ಸೊಟ್ಟಗಾಗದಿರಲು ಆ ಬಿರುಸೇ ಬೇಕು.